ಬಾಗಿಲು ಕಾಯುವ ಕರ್ನಲ್ ಮತ್ತು ಒಂದು ಬಾಟಲಿ ರಕ್ತ

ಹೋದ ವಾರ ನನ್ನ ಹೆಂಡತಿಯ ಜೀವ ಉಳಿಸಲು ಅರ್ಧ ಬೆಂಗಳೂರು ಎದ್ದು ಓಡಿ ಬಂತು. ತೊಂದರೆಯಾದದ್ದೇ ಅದರಿಂದ.

ತಕ್ಷಣ ನನ್ನನ್ನು ಕೃತಘ್ನ ಅನ್ನಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಅನ್ನಿ.

ಹೋದ ವಾರ ಈ ಜಾಗದಲ್ಲಿ ಅಂಕಣ ಇರಲಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಗಮನಿಸದೆಯೂ ಇರಬಹುದು. ಒಬ್ಬ ಓದುಗರು ಫೋನ್ ಮಾಡಿ "ಏನ್ ಸಾರ್, ಹುಷಾರಿಲ್ವಾ?" ಎಂದು ವಿಚಾರಿಸಿದರು. ಇನ್ನೊಬ್ಬರು "ಆ ಜಾಗದಲ್ಲಿ ಪದಬಂಧ ಹಾಕಿದ್ರು, ಚೆನ್ನಾಗಿತ್ತು ಸಾರ್" ಎಂದರು. ಇಬ್ಬರಿಗೂ ವಂದನೆಗಳು. ಹುಷಾರಿಲ್ಲದ್ದು ನನಗಲ್ಲ, ನನ್ನ ಹೆಂಡತಿ ಸರೋಜಾಳಿಗೆ.

ಸರೋಜಾಳಿಗೆ ಮಂಡಿನೋವು. ಮಂಡಿನೋವಿಗೆ ಮಾತ್ರೆ. ಡಾಕ್ಟರು ಹೇಳಿದಷ್ಟು ದಿನ ತಿಂದು ನಿಲ್ಲಿಸಬೇಕಾದ ಮಾತ್ರೆಯನ್ನು ಅವಳು ಕಾಫಿಯ ಹಾಗೆ ನಿತ್ಯಕರ್ಮ ಮಾಡಿಕೊಂಡಿದ್ದಳು. ಕೇಳಿದರೆ "ನಿಮ್ಮ ಮಂಡೀನಾ, ನನ್ನ ಮಂಡೀನಾ?" ಎನ್ನುತ್ತಿದ್ದಳು. ಹೊಟ್ಟೆಯೊಳಗೆ ಹುಣ್ಣಾಯಿತು. ಹುಣ್ಣು ಒಡೆಯಿತು. ಒಂದು ಬೆಳಿಗ್ಗೆ ಕೊಡಿಗೇಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ರಕ್ತ ವಾಂತಿ ಮಾಡಿ ಕುಸಿದು ಕೂತಳು. ಕೂತವಳು ಆಡಿದ ಮೊದಲ ಮಾತು: "ಸ್ಟೌ ಆರಿಸ್ರೀ, ಹಾಲು ಉಕ್ಕತ್ತೆ."

ನಾನು ಸ್ಟೌ ಆರಿಸಿದೆ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆ. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಸುತ್ತಿ ಬಳಸಿ ಮಾತಾಡುವವರಲ್ಲ. "ರಕ್ತ ತುಂಬಾ ಹೋಗಿದೆ ಅಂಕಲ್. ಆಂಟೀದು ಬಿ ನೆಗೆಟಿವ್. ನಮ್ಮಲ್ಲಿದ್ದಿದ್ದನ್ನ ಹಾಕಿದ್ದೀವಿ. ನಾಳೆ ಬೆಳಿಗ್ಗೆ ಆಪರೇಷನ್ ಮಾಡ್ಲೇಬೇಕು. ಕೈಯಲ್ಲಿ ಇನ್ನೊಂದು ಬಾಟಲ್ ಇಲ್ದೆ ನಾನು ಮುಟ್ಟಲ್ಲ. ಸಂಜೆ ಐದರೊಳಗೆ ಡೋನರ್ ಕರ್ಕೊಂಡ್ ಬನ್ನಿ, ಟೆಸ್ಟಿಂಗ್‌ಗೆ ಟೈಮ್ ಬೇಕು."

"ಬೇರೆ ಬ್ಲಡ್ ಬ್ಯಾಂಕು?"

"ಕೇಳಿ ಆಯ್ತು. ಎಲ್ಲೂ ಇಲ್ಲ."

ಬಿ ನೆಗೆಟಿವ್ ಎಂಬುದು ಬಹಳ ಕಡಿಮೆ ಜನರ ಮೈಯಲ್ಲಿ ಹರಿಯುವ ರಕ್ತ. ಮದುವೆಯಾಗಿ ಇಷ್ಟು ವರ್ಷ ಸರೋಜಾ ಬಹಳ ಅಪರೂಪದ ಹೆಂಗಸು ಎಂದು ಅವಳ ತವರಿನವರು ಹೇಳಿಕೊಂಡು ಬಂದಿದ್ದರು. ಆ ದಿನ ವೈದ್ಯಕೀಯವಾಗಿ ಸಾಬೀತಾಯಿತು.

ಇಲ್ಲಿ ನನ್ನ ಒಂದು ಹುದ್ದೆಯ ಬಗ್ಗೆ ತಿಳಿಸಬೇಕು. ನಮ್ಮ ಬಡಾವಣೆಯಲ್ಲಿ ಒಂದು ರಕ್ತದಾನಿಗಳ ಬಳಗವಿದೆ. ನಾನು ಅದರ ಗೌರವಾಧ್ಯಕ್ಷ. ರಕ್ತ ಕೊಡುವ ವಯಸ್ಸು ದಾಟಿದ್ದರಿಂದ ನನಗೆ ಗೌರವ ಕೊಡಲಾಗಿದೆ. ವರ್ಷಕ್ಕೊಮ್ಮೆ ಶಿಬಿರದ ದಿನ ಮಧ್ಯದ ಕುರ್ಚಿಯಲ್ಲಿ ಕೂತು, ಟೇಪು ಕತ್ತರಿಸಿ, ಬೇರೆಯವರು ರಕ್ತ ಕೊಡುವುದನ್ನು ನೋಡಿ, ಅವರಿಗಿಂತ ಮೊದಲು ಬಿಸ್ಕತ್ತು ತಿನ್ನುವುದು ನನ್ನ ಜವಾಬ್ದಾರಿ. ಇದನ್ನು ಲೋಪವಿಲ್ಲದೆ ನಿಭಾಯಿಸಿದ್ದೇನೆ.

ಬಳಗವನ್ನು ನಿಜವಾಗಿ ನಡೆಸುವವರು ಇಬ್ಬರು. ಒಬ್ಬರು ಮುನಿರಾಜು. ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಇವರು ಅಪಾರ್ಟ್‌ಮೆಂಟ್ ಬೆಳೆಯುತ್ತಾರೆ. ಇನ್ನೊಬ್ಬ ಬಸವರಾಜ. ಬಾಗಲಕೋಟೆ ಕಡೆಯವನು, ಹೆಬ್ಬಾಳದ ಆಫೀಸೊಂದರಲ್ಲಿ ಕಂಪ್ಯೂಟರ್ ಎಂಜಿನಿಯರು, ಮುನಿರಾಜು ಕಟ್ಟಿಸಿದ ಮನೆಯ ಬಾಡಿಗೆದಾರ. ಬಳಗದ ವೆಬ್‌ಸೈಟು ಅವನ ಸೃಷ್ಟಿ. ದಾನಿಗಳು ಅಲ್ಲಿ ಹೋಗಿ ತಮ್ಮ ಹೆಸರು, ರಕ್ತದ ಗುಂಪು, ಊರು ತುಂಬಿದರೆ ನಮಗೆ ತಿಳಿಯುತ್ತದೆ. ಅದನ್ನು ನಡೆಸುವ ಹಳೆಯ ಕಂಪ್ಯೂಟರು ಮುನಿರಾಜು ಕಟ್ಟಡದ ಕೆಳಗೆ, ಬೋರ್‌ವೆಲ್ ಸ್ಟಾರ್ಟರಿನ ಪಕ್ಕದಲ್ಲಿ, ವಿಭೂತಿ ಹಚ್ಚಿಸಿಕೊಂಡು ಕೂತಿದೆ.

ನಾನು ಮುನಿರಾಜುಗೆ ಫೋನ್ ಮಾಡಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ. ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜು ಬಿಟ್ಟರು. (ಬಡಾವಣೆಯಲ್ಲಿ ನನಗೆ ಟೆಲಿಫೋನ್ ಸಾರ್ ಎಂದೇ ಹೆಸರು.)

"ಎಲ್ರಿಗೂ ನಮಸ್ಕಾರ. ನಮ್ ಟೆಲಿಫೋನ್ ಸಾರ್ ಮನೆಯೋರು ಸೀರಿಯಸ್ಸಾಗವ್ರೆ. ನಮ್ಮವ್ವ ಇದ್ದಂಗೆ ಆಯಮ್ಮ. ಬಿ ನೆಗೆಟಿವ್ ರಕ್ತ ಬೇಕು, ಸಂಜೆ ಒಳಗೆ. ಸಾರ್ ನಂಬರ್ ಕೆಳಗೈತೆ, ವೆಬ್‌ಸೈಟ್ ಕೆಳಗೈತೆ. ಇದ್ನ ಕೇಳಿ ಸುಮ್ಕಿರೋರು ಇದ್ರೆ ದೇವ್ರೇ ನೋಡ್ಕಂತಾನೆ. ಎಲ್ಲಾ ಗ್ರೂಪ್‌ಗೂ ಆಕಿ!"

ಹಾಕಿದರು. ಕೆಂಪಾಪುರದ ವಾಕಿಂಗ್ ಗೆಳೆಯರ ಗ್ರೂಪು, ಯಲಹಂಕದ ಭಜನಾ ಮಂಡಳಿ, ದಾಸರಹಳ್ಳಿಯ ಚೀಟಿ ಗ್ರೂಪು, ಯಶವಂತಪುರದ ಈರುಳ್ಳಿ ಮಂಡಿಯವರದು. (ದೇವರ ಹೆಸರು ಹೇಳಿ ಹೆದರಿಸಿದರೆ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ವಿಜ್ಞಾನಿಗಳು ಇನ್ನೂ ಅಳೆದಿಲ್ಲ.)

ನನ್ನ ಫೋನು ಬಡಿದುಕೊಳ್ಳತೊಡಗಿತು.

"ಸಾರ್, ನಂದು ಓ ಪಾಸಿಟಿವ್. ನಡಿಯತ್ತಾ?"

ನಡೆಯುವುದಿಲ್ಲ, ಬಿ ನೆಗೆಟಿವ್ ಬೇಕು.

"ನಮ್ ಅಣ್ಣಂದು ಬಿ ಸಾರ್. ಪಾಸಿಟಿವ್ವೋ ನೆಗೆಟಿವ್ವೋ ಅವ್ನು ಎದ್ದ್ ಮೇಲೆ ಕೇಳಿ ಹೇಳ್ತೀನಿ."

"ಅಂಕಲ್, ರಕ್ತ ಎಲ್ಲ ಬೇಡ. ಪಪ್ಪಾಯಿ ಎಲೆ ರಸ ಕುಡಿಸಿ."

"ಸರ್, ಇದು ನಿಜಾನಾ, ಫೇಕ್ ಮೆಸೇಜಾ?"

ಒಬ್ಬ ಪುಣ್ಯಾತ್ಮ ಸರೋಜಾಳ ಆರೋಗ್ಯವನ್ನು ಮನಮುಟ್ಟುವಂತೆ ವಿಚಾರಿಸಿ, ಕಣ್ಣೀರಿಗೆ ಹತ್ತಿರ ಬಂದು, ಕೊನೆಯಲ್ಲಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಸೈಟು ಬೇಕೇ ಎಂದು ಕೇಳಿದರು.

ಒಬ್ಬರ ಜೊತೆ ಮಾತಾಡುವಾಗ ಹತ್ತು ಜನ ಲೈನಿನ ಹೊರಗೆ. ಅವರೊಳಗೆ ಬಿ ನೆಗೆಟಿವ್ ಇದ್ದರೆ? ನಾನು ಟೆಲಿಫೋನ್ ಇಲಾಖೆಯಲ್ಲಿ ಜೀವಮಾನ ಸವೆಸಿದವನು. ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಗಡಿಬಿಡಿಯನ್ನೆಲ್ಲ ನೋಡಿದವನು. ಈಗ ನಾನೇ ಒಂದೇ ಲೈನಿನ ಎಕ್ಸ್‌ಚೇಂಜಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಕೊನೆಗೆ ಎಲ್ಲರಿಗೂ "ದಯವಿಟ್ಟು ವೆಬ್‌ಸೈಟಿಗೆ ಹೋಗಿ" ಎಂದು ಹೇಳಿ ಇಡತೊಡಗಿದೆ.

ಸ್ವಲ್ಪ ಹೊತ್ತಿಗೆ ಬೇರೆ ಥರದ ಕರೆಗಳು ಬಂದವು.

"ಸಾರ್, ನಿಮ್ ವೆಬ್‌ಸೈಟು ನಮ್ಮನ್ನ ಬೇಡ ಅಂತಿದೆ."

"ಬೇಡ ಅಂದ್ರೆ?"

"'ಸಂಪರ್ಕ ನಿರಾಕರಿಸಲಾಗಿದೆ' ಅಂತ ಬರ್ತಿದೆ. ರಕ್ತ ಸಿಕ್ತು ಅಂತ ಕಾಣುತ್ತೆ ಅಲ್ವಾ? ಒಳ್ಳೇದಾಯ್ತು ಬಿಡಿ ಸಾರ್."

ಇಟ್ಟೇಬಿಟ್ಟರು! ಸಿಕ್ಕಿಲ್ಲ ಎಂದು ಹೇಳುವಷ್ಟರಲ್ಲಿ ಲೈನು ಕಟ್.

ಬಸವರಾಜ ಆಫೀಸಿನಿಂದ ಬೈಕಿನಲ್ಲಿ ಬಂದಿಳಿದ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದು, ಕೊಡಿಗೇಹಳ್ಳಿಯ ಬೋರ್‌ವೆಲ್ ಪಕ್ಕದ ಕಂಪ್ಯೂಟರನ್ನು ಇಲ್ಲಿಂದಲೇ ಮಾತಾಡಿಸಿದ. ಮುನಿರಾಜು ಅಷ್ಟರಲ್ಲಿ ಬಂದು, ಯಾರೂ ಕೇಳದಿದ್ದರೂ ಮೂರು ಕಾಫಿ ಹೇಳಿ, ಅವನ ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು.

"ಏನಾಗೈತಪ್ಪ ಬಸ್ವರಾಜ?"

"ಮಂದಿ ಭಾಳ ಆಗೇತ್ರಿ ಯಜಮಾನ್ರ. ಕರ್ನಲ್ ಎಲ್ಲಾರನ್ನೂ ಬಾಗಲಾಗಿಂದ ಹೊಳ್ಳಿ ಕಳಸಾಕತ್ತೇತಿ."

ಕರ್ನಲ್ ಎಂದರೆ ಮೀಸೆಯ ಮಿಲಿಟರಿ ಸಾಹೇಬರಲ್ಲ. ಕಂಪ್ಯೂಟರಿನ ತೀರಾ ಒಳಗೆ ಕೂತು, ಯಾರಿಗೂ ಕಾಣಿಸಿಕೊಳ್ಳದೆ, ಎಲ್ಲದರ ಉಸ್ತುವಾರಿ ನೋಡುವ ತಂತ್ರಾಂಶ. ಹೊರಗಿನಿಂದ ಯಾರೇ ಬಂದರೂ ಮೊದಲು ಎದುರಾಗುವುದು ಇದೇ. ನಮಗೆ ಅರ್ಥವಾಗಲೆಂದು ಬಸವರಾಜ ಅದನ್ನು ಊಟದ ಭಾಷೆಗೆ ಇಳಿಸಿದ.

"ಸರ, ನಿಮ್ಮ ಬೆಂಗ್ಳೂರು ಮದುವಿ ಊಟ ನೋಡೀರಲ್ಲ? ಉಣ್ಣಾವ್ರ ಕುರ್ಚಿ ಹಿಂದ ಒಬ್ಬೊಬ್ಬರು ಕಾವಲ ನಿಂತಿರ್ತಾರಲ್ರಿ?"

ನೋಡಿದ್ದೇನೆ. ನಿಂತಿದ್ದೇನೆ ಕೂಡ. ನಾವು ಪಾಯಸಕ್ಕೆ ಬಂದಾಗ ಬೆನ್ನಿಗೆ ಉಸಿರು ತಾಗುವಷ್ಟು ಹತ್ತಿರ ನಿಂತು, ನಮ್ಮ ಎಲೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅಂದಾಜು ಮಾಡುವ ಆ ಮಹನೀಯರನ್ನು ಯಾರು ತಾನೇ ಮರೆತಾರು?

"ಅದss ಇದು. ನಾ ಬರದಿರೋ ಪ್ರೋಗ್ರಾಮು ಅಂದ್ರ ಎಲಿ ಹಾಕಾಂವ. ಅಂವಾ ಒಬ್ಬೊಬ್ಬರನ್ನ ಕರದು ಕೂಡಸ್ತಾನ. ಅಲ್ಲೀತನಕ ಮಂದೀನ ಒಳಗ ಬಿಟ್ಟು ಕುರ್ಚಿ ಹಿಂದ ನಿಂದರ್ಸಾಂವ ಕರ್ನಲ್. ಒಳಗ ನಿಂದರಾಕ ಜಾಗಾ ಇದ್ದಷ್ಟು ಮಂದಿ. ಉಳದವ್ರು ಬಾಗಲಾಗ."

"ಎಷ್ಟು ಜನ ನಿಲ್ಲಬಹುದು?"

"ಸಾವಿರ ಮಂದಿ ನಿಲ್ಲಲಿ ಅಂತ ನಾ ಪ್ರೋಗ್ರಾಮಿನ್ಯಾಗ ಬರದೀನ್ರಿ. ಕರ್ನಲ್ ಹೂಂ ಅಂದೇತಿ. ಆದ್ರ ಅದರದು ತಂದss ಒಂದು ಲಿಮಿಟ್ ಇರ್ತೈತಿ, ಹಳೇ ಮಷೀನ್ ನೋಡ್ರಿ, ನೂರಾ ಇಪ್ಪತ್ತೆಂಟು. ಅಷ್ಟss ಮಂದೀನ ನಿಂದರ್ಸೇತಿ. ಎರರ್ ಇಲ್ಲ, ವಾರ್ನಿಂಗ್ ಇಲ್ಲ."

ಇದನ್ನು ಕೇಳಿ ನನಗೆ ಆ ಸಂಕಟದಲ್ಲೂ ಒಂದು ಆತ್ಮೀಯತೆ ಮೂಡಿತು. ಸಾಹೇಬರ ಹೊಸ ಆದೇಶಕ್ಕೆ "ಆಗ್ಲಿ ಸಾರ್" ಎಂದು ತಲೆಯಾಡಿಸಿ, ತನ್ನ ಹಳೆಯ ಸುತ್ತೋಲೆಯ ಪ್ರಕಾರವೇ ಕೆಲಸ ಮುಂದುವರಿಸುವ ಹೆಡ್ ಕ್ಲರ್ಕು! ಇಂಥವರೊಡನೆ ನಾನು ಇಡೀ ಸರ್ವೀಸು ಕಳೆದಿದ್ದೇನೆ. ಕಂಪ್ಯೂಟರಿನೊಳಗೂ ಒಬ್ಬರು ಇದ್ದಾರೆಂದು ಗೊತ್ತಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಹೆಸರು ತುಂಬಿದ ಪ್ರತಿ ದಾನಿಗೂ ಧನ್ಯವಾದದ ಎಸ್ಸೆಮ್ಮೆಸ್ ಹೋಗಬೇಕು ಎಂಬುದು ಬಳಗದ ಸರ್ವಾನುಮತದ ನಿರ್ಣಯ. ಪ್ರೋಗ್ರಾಮು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿತ್ತು. ಒಬ್ಬರಿಗೆ ಧನ್ಯವಾದ ತಲುಪಿದ ಮೇಲೆಯೇ ಮುಂದಿನವರನ್ನು ಕರೆಯುತ್ತಿತ್ತು. ಎಲೆ ಹಾಕುವವನು ಪ್ರತಿ ಅತಿಥಿಗೂ ಕೈಮುಗಿದು ಕುಶಲ ವಿಚಾರಿಸುತ್ತ ನಿಂತರೆ ಪಂಕ್ತಿ ಏಳುವುದು ಯಾವಾಗ? ನಮ್ಮ ಕೃತಜ್ಞತೆಯೇ ದಾರಿಗೆ ಅಡ್ಡ ಕೂತಿತ್ತು.

"ಸರಿ, ಜಾಗ ಇಲ್ಲ. ಆದ್ರೆ ನಿರಾಕರಿಸಲಾಗಿದೆ ಅಂತ ಯಾಕೆ ಹೇಳ್ಬೇಕು?" ಎಂದೆ.

ಬಸವರಾಜ ಪರದೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಆಮೇಲೆ, "ಅದನ್ನ ನಾನss ಮಾಡೀನ್ರಿ ಸರ," ಎಂದ.

ವಿಷಯ ಹೀಗೆ. ಒಳಗೆ ಜಾಗವಿಲ್ಲದಾಗ ಬಾಗಿಲಿಗೆ ಬಂದವರನ್ನು ಕರ್ನಲ್ ಎರಡು ರೀತಿಯಲ್ಲಿ ನಡೆಸಿಕೊಳ್ಳಬಹುದು. ಒಂದು, ಬಾಗಿಲು ಬಡಿದದ್ದೇ ಕೇಳಿಸಲಿಲ್ಲ ಎಂಬಂತೆ ಸುಮ್ಮನಿರುವುದು. ಎರಡು, "ಇಲ್ಲ, ಹೋಗಿ" ಎಂದು ನೇರವಾಗಿ ಹೇಳಿ ಕಳಿಸುವುದು. ಕಂಪ್ಯೂಟರು ಹುಟ್ಟುವಾಗ ಮೊದಲನೆಯ ಸ್ವಭಾವದೊಂದಿಗೇ ಹುಟ್ಟುತ್ತದೆ. ಬಸವರಾಜ ಅದನ್ನು ಬದಲಿಸಿ ಎರಡನೆಯದಕ್ಕೆ ತಿರುಗಿಸಿದ್ದ. ಆ ಸೆಟ್ಟಿಂಗಿಗೆ ಕೈಹಾಕುವ ಮುನ್ನ ಹತ್ತು ಸಲ ಯೋಚಿಸಿ ಎಂಬ ಎಚ್ಚರಿಕೆ ಅದರ ಜೊತೆಗೇ ಇದೆಯಂತೆ. ಓದಿಯೂ ಬದಲಿಸಿದ್ದ. ಯಾಕೆ?

"ಇಲ್ಲಂದ್ರ ಇಲ್ಲ ಅಂತ ಮಾರಿ ಮ್ಯಾಲ ಹೇಳ್ಬೇಕ್ರಿ ಸರ. ಮಂದೀನ ಬಾಗಲಾಗ ನಿಂದರ್ಸಿ ಒಳಗ ಸುಮ್ನ ಕುಂದ್ರೂದು ನಮ್ಮ ಕಡೆ ಮರ್ಯಾದಿ ಅಲ್ಲ. ಈ ಬೆಂಗ್ಳೂರಾಗ ಯಾರನ್ನ ಕೇಳಿದ್ರೂ 'ನೋಡೋಣ' ಅಂತಾರ. ಪ್ಲಂಬರ್ ನೋಡೋಣ, ಮ್ಯಾನೇಜರ್ ನೋಡೋಣ, ಹೆಣ್ಣಿನ ಅಪ್ಪಾನೂ ನೋಡೋಣ. ನನ್ನ ಸರ್ವರ್ ಆದ್ರೂ ಖರೇ ಮಾತಾಡ್ಲಿ ಅಂತ..."

ಒಂದು ಜಿಲ್ಲೆಯ ಸ್ವಾಭಿಮಾನ ಒಂದು ಸೆಟ್ಟಿಂಗಿನಲ್ಲಿ ಕೂತಿತ್ತು. ನಾನು ಅದಕ್ಕೆ ಮನಸ್ಸಿನಲ್ಲೇ ತಲೆಬಾಗಿದೆ. ಯಾಕೆಂದರೆ ನನ್ನದೂ ಅದೇ ಪಕ್ಷ. ಟೆಲಿಫೋನಿನ ಎಂಗೇಜ್ ಟೋನಿನಷ್ಟು ಪ್ರಾಮಾಣಿಕವಾದ ಸದ್ದನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ ಎಂದು ನಂಬಿದವನು ನಾನು. "ಬಸವರಾಜ ಮಾಡಿದ್ದೇ ಸರಿ. ಜಾಗ ಹೆಚ್ಚಿಸೋಣ, ಆದ್ರೆ ಸುಳ್ಳು ಮೌನ ಬೇಡ," ಎಂದೆ.

ಮುನಿರಾಜು ಕಾಫಿ ಲೋಟ ಕೆಳಗಿಟ್ಟರು.

"ಸಾರ್, ಬೇಜಾರ್ ಮಾಡ್ಕಬ್ಯಾಡಿ. ಎಷ್ಟು ವರ್ಷದಿಂದ ಮನೆ ಮಾರ್ತಾ ಇವ್ನಿ. ಬಂದೋರ್ಗೆ ಮನೆ ಇಲ್ಲ ಅಂತ ಒಂದ್ಸಲ ಅಂದ್ರೆ ಅವ್ನು ತಿರ್ಗಾ ಬರಲ್ಲ ಸಾರ್. ಆಮ್ಯಾಕೆ ನೀವು ಕರೆದ್ರೂ ಬರಲ್ಲ. ಫೋನ್ ಎತ್ತದೆ ಸುಮ್ಕಿದ್ರೆ ಮಾತ್ರ ತಿರ್ಗಾ ತಿರ್ಗಾ ಮಾಡ್ತಾನೆ. ಇಂಗೆ ಬಿಜಿನೆಸ್ ನಡ್ಯೋದು. ಒಳಗೆ ಜಾಗ ಇಲ್ಲ ಅಂತ ಓಡ್ಸ್‌ಬುಟ್ರೆ, ಅರ್ಧ ಗಂಟೆ ಬಿಟ್ಟು ಜಾಗ ಆದಾಗ ಯಾರ್ ಬತ್ತಾರೆ?"

"ಆದ್ರೆ ಎಂಗೇಜ್ ಟೋನ್ ಬಂದ್ರೆ ಜನ ಮತ್ತೆ ಡಯಲ್ ಮಾಡ್ತಿದ್ರಲ್ಲ ಮುನಿರಾಜು?"

"ಅದು ಎಂಗೇಜು ಸಾರ್. ಇದು ನಿರಾಕರಣೆ."

ನಾನು ಬಸವರಾಜನ ಮುಖ ನೋಡಿದೆ. "ನಿನ್ನ ಕರ್ನಲ್‌ಗೆ ಎಂಗೇಜ್ ಟೋನ್ ಕೊಡೋಕೆ ಬರಲ್ವಾ?"

"ಬರೂದಿಲ್ರಿ," ಎಂದ ಅವನು ಮೆಲ್ಲಗೆ. "ಇಲ್ಲ ಅನ್ನೂದು, ಇಲ್ಲಾ ಸುಮ್ನಿರೂದು. ಎರಡss ಅದಾವ. 'ಈಗ ಗದ್ದಲ ಐತಿ, ಆಮ್ಯಾಲ ಬರ್ರಿ' ಅನ್ನಾಕ ಅದಕ್ಕ ಶಬ್ದss ಇಲ್ಲ. ಅದಕ್ಕss ಸುಮ್ನಿರ್ತೈತಿ. ಸುಮ್ನಿದ್ರ ಆ ಕಡಿ ಫೋನು ತಾನss ಮತ್ತ ಬಡೀತೈತ್ರಿ. ಒಂದು ಸೆಕೆಂಡ್ ಬಿಟ್ಟು, ಎರಡು ಬಿಟ್ಟು, ನಾಕು ಬಿಟ್ಟು. ಹಿಡಿದವರಿಗೆ ಗೊತ್ತss ಆಗೂದಿಲ್ಲ."

ಯೋಚಿಸಿ. ಬಾಗಿಲು ತೆರೆಯದಿದ್ದರೆ ಸ್ವಲ್ಪ ಕಾದು ಬಡಿಯುವುದು. ಆಗಲೂ ತೆರೆಯದಿದ್ದರೆ ಅದರ ಎರಡರಷ್ಟು ಕಾದು ಬಡಿಯುವುದು. ಒಳಗಿನವರಿಗೆ ಕಿರಿಕಿರಿಯಾಗಬಾರದು, ನಮ್ಮ ಆಸೆಯೂ ಸಾಯಬಾರದು. ಇಂಥ ಸಭ್ಯತೆ ಮನುಷ್ಯರಲ್ಲಿ ಎಲ್ಲಿದೆ? (ನಮ್ಮ ಮನೆಯ ಕಾಲಿಂಗ್ ಬೆಲ್ ಒತ್ತುವ ನನ್ನ ಭಾಮೈದುನನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.)

ಆದರೂ ತತ್ವ ಅಂದರೆ ತತ್ವ. ಬಸವರಾಜನ ಬೆರಳು ಕೀಬೋರ್ಡಿನ ಮೇಲೆ ನಿಂತೇ ಇತ್ತು. ನಾನೂ ತೀರ್ಮಾನಿಸಲಾರದೆ ಹೋದೆ. ಗೋಡೆಯ ಗಡಿಯಾರ ಮೂರು ದಾಟಿತ್ತು.

ಅಷ್ಟರಲ್ಲಿ ನರ್ಸ್ ಬಂದು, ಪೇಷೆಂಟ್ ಕರೆಯುತ್ತಿದ್ದಾರೆ ಎಂದರು. ನಾನು ಹೋದೆ. ಸರೋಜಾ ಹಾಸಿಗೆಯ ಬಿಳಿಯಷ್ಟೇ ಬೆಳ್ಳಗಿದ್ದಳು. ಮೂವತ್ತು ವರ್ಷದ ಕೆಳಗೆ ಈ ಬಣ್ಣಕ್ಕಾಗಿ ಎಷ್ಟು ಕ್ರೀಮು ತಂದಿದ್ದೆವೋ. ಅವಳ ಕೈ ಹಿಡಿದೆ. ತಣ್ಣಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ಕ್ಯಾಂಟೀನಿನ ಚರ್ಚೆಯನ್ನೆಲ್ಲ ವರದಿ ಮಾಡಿದೆ. ನೇರ ನಿರಾಕರಣೆಯ ನೈತಿಕತೆ ಒಂದು ಕಡೆ, ಮೌನದ ಉಪಯುಕ್ತತೆ ಇನ್ನೊಂದು ಕಡೆ.

ಅವಳು ಕಣ್ಣುಮುಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ, "ನಿಮ್ಮ ತತ್ವ ಎಲ್ಲ ಆಮೇಲೆ ಇಟ್ಕೊಳ್ರೀ," ಎಂದಳು. ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ನಂಗೆ ಹೆದ್ರಿಕೆ ಆಗ್ತಿದೆ."

ಅವಳು ಆ ಮಾತು ಹೇಳಿದ್ದನ್ನು ನಾನು ಈ ಮೊದಲು ಯಾವತ್ತೂ ಕೇಳಿರಲಿಲ್ಲ.

ಕ್ಯಾಂಟೀನಿಗೆ ಓಡಿದೆ. ನನ್ನ ಮುಖ ನೋಡಿಯೇ ಬಸವರಾಜ ಏನೂ ಕೇಳದೆ ಟೈಪ್ ಮಾಡಿದ. ಕರ್ನಲ್ಲಿನ ಹಳೆಯ ಮಿತಿ ಏರಿತು. ಧನ್ಯವಾದದ ಎಸ್ಸೆಮ್ಮೆಸ್ಸು ರಜೆಯ ಮೇಲೆ ಹೋಯಿತು. ಬಾಗಿಲಿನಲ್ಲಿ "ಇಲ್ಲ, ಹೋಗಿ" ಎನ್ನುತ್ತಿದ್ದದ್ದು ಮತ್ತೆ ತನ್ನ ಹುಟ್ಟುಗುಣಕ್ಕೆ ಮರಳಿ ಸುಮ್ಮನಾಯಿತು. ಮುನಿರಾಜು ಇನ್ನೊಂದು ವಾಯ್ಸ್ ಮೆಸೇಜು ಬಿಟ್ಟರು: "ರಕ್ತ ಇನ್ನೂ ಸಿಕ್ಕಿಲ್ಲ. ಬ್ಯಾಡ ಅಂದಿದ್ದು ಮಷೀನು, ನಾವಲ್ಲ. ಇನ್ನೊಂದ್ಸಲ ಒತ್ತಿ. ಸಾರ್‌ಗೆ ಫೋನ್ ಮಾಡ್‌ಬ್ಯಾಡಿ. ಪಪ್ಪಾಯಿ ವಿಚಾರ ನಮ್ಗೆ ಗೊತ್ತು."

ಲ್ಯಾಪ್‌ಟಾಪಿನ ಪರದೆಯ ಮೇಲೆ ಹೆಸರುಗಳು ಸುರಿಯತೊಡಗಿದವು. ಓ ಪಾಸಿಟಿವ್, ಸಹಕಾರನಗರ. ಎ ಪಾಸಿಟಿವ್, ಆರ್.ಟಿ. ನಗರ. ಬಿ ಪಾಸಿಟಿವ್, ಜಕ್ಕೂರು. ಬಿ ಪಾಸಿಟಿವ್, ಮತ್ತಿಕೆರೆ. ಪ್ರತಿ ಸಲ "ಬಿ" ಕಂಡಾಗ ನಮ್ಮ ಮೂವರ ಉಸಿರೂ ನಿಲ್ಲುತ್ತಿತ್ತು. ಮುಂದಿನ ಅಕ್ಷರ ಬಂದಾಗ ಹೊರಬೀಳುತ್ತಿತ್ತು. ಪಾಸಿಟಿವ್ ಎಂಬ ಪದವನ್ನು ನಾನು ಜೀವನದಲ್ಲಿ ಅಷ್ಟು ದ್ವೇಷಿಸಿದ್ದಿಲ್ಲ.

ಇದ್ದಕ್ಕಿದ್ದಂತೆ ಬಸವರಾಜ ಕುರ್ಚಿ ಬೀಳಿಸಿಕೊಂಡು ಎದ್ದು ನಿಂತ. "ಬಂತ್ರೀ ಸರ! ಬಿ ನೆಗೆಟಿವ್! ಟಿ. ದಾಸರಹಳ್ಳಿ!"

ಮುನಿರಾಜು ಎರಡೂ ಕೈಯಲ್ಲಿ ಅವನ ತಲೆ ಹಿಡಿದು ನೆತ್ತಿಗೆ ಮುತ್ತಿಟ್ಟರು. ಕ್ಯಾಂಟೀನಿನವನು ಬಿಲ್ಲು ಮರೆತು ನಮ್ಮನ್ನೇ ನೋಡುತ್ತಿದ್ದ.

ಬಂದದ್ದು ಮಂಜುಳಾ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಬೋಲ್ಟುಗಳ ಕ್ವಾಲಿಟಿ ನೋಡುವ ಹೆಣ್ಣುಮಗಳು. ಸೂಪರ್‌ವೈಸರನ್ನು ಒಪ್ಪಿಸಿ, ಯೂನಿಫಾರ್ಮಿನಲ್ಲೇ ಆಟೋ ಹತ್ತಿ, ರಿಂಗ್ ರೋಡಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಬಂದು, ಐದಕ್ಕೆ ಸ್ವಲ್ಪ ಮುಂಚೆ ಇಳಿದಳು. ಹಿಮೋಗ್ಲೋಬಿನ್ ಪರೀಕ್ಷೆಯಾಯಿತು. ಪಾಸು. ಮಂಚದ ಮೇಲೆ ಮಲಗಿ ರಬ್ಬರ್ ಚೆಂಡು ಒತ್ತುತ್ತ ಅವಳೇ ಕಥೆ ಹೇಳಿದಳು.

"ಊಟದ ಟೈಮಲ್ಲೇ ಒತ್ತಿದ್ದೆ ಸಾರ್. ನಿರಾಕರಿಸಲಾಗಿದೆ ಅಂತ ಬಂತು. ಹೋದ್ವರ್ಷ ಕ್ಯಾಂಪಲ್ಲಿ ಹಿಮೋಗ್ಲೋಬಿನ್ ಕಮ್ಮಿ ಅಂತ ನನ್ನ ವಾಪಸ್ ಕಳ್ಸಿದ್ರು. ಅದು ಕಂಪ್ಯೂಟರಲ್ಲಿ ಇದ್ದಿರ್ಬೇಕು, ಅದಕ್ಕೇ ನನ್ನ ಬೇಡ ಅಂದ್ರು ಅನ್ಕೊಂಡೆ."

"ಅಯ್ಯೋ, ಹಾಗೇನಿಲ್ಲಮ್ಮ!"

"ಅವಾಗ ಹಂಗೇ ಅನ್ಸಿದ್ದು. ಸುಮ್ನಾದೆ. ಆಮೇಲೆ ಯೋಚ್ನೆ ಮಾಡ್ತಾ ಮಾಡ್ತಾ ಸಿಟ್ಟು ಬಂತು. ವರ್ಷದಿಂದ ಬೀಟ್ರೂಟು, ನುಗ್ಗೆಸೊಪ್ಪು, ಖರ್ಜೂರ ತಿಂದು ತಿಂದು ಸರಿ ಮಾಡ್ಕೊಂಡಿದ್ದೀನಿ. ಹಳೇದನ್ನೇ ಇಟ್ಕೊಂಡು ಬೇಡ ಅಂದ್ರೆ ಹೆಂಗೆ? ಅಷ್ಟ್ರಲ್ಲಿ ನಮ್ ಚೀಟಿ ಗ್ರೂಪಲ್ಲಿ ಮತ್ತೆ ಆ ಯಜಮಾನ್ರ ಮೆಸೇಜು ಬಂತು. ಟೀ ಬ್ರೇಕಲ್ಲಿ ಇನ್ನೊಂದ್ಸಲ ಒತ್ತಿ, ಟೇಬಲ್ ಮೇಲಿಟ್ಟೆ. ಸುತ್ತುತಾ ಇತ್ತು. ಸುತ್ತಲಿ ಅಂತ ಟೀ ಕುಡೀತಾ ಇದ್ದೆ. ಅರ್ಧ ಟೀ ಆಗೋಷ್ಟ್ರಲ್ಲಿ ಓಪನ್ ಆಯ್ತು."

ಬಸವರಾಜ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ಸುತ್ತುತ್ತಿದ್ದಷ್ಟು ಹೊತ್ತು ಅವಳ ಫೋನು ನಮ್ಮ ಬಾಗಿಲನ್ನು ಬಡಿಯುತ್ತ, ಕಾಯುತ್ತ, ಮತ್ತೆ ಬಡಿಯುತ್ತ ಇತ್ತು ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ. "ಜ್ಯೂಸ್ ತರ್ತೀನ್ರಿ ಅಕ್ಕಾರ," ಎಂದು ಹೊರಗೆ ಹೋದವನು ಕಣ್ಣು ಒರೆಸಿಕೊಂಡು ಬಂದ.

ಮರುದಿನ ಆಪರೇಷನ್ ಆಯಿತು. ಆ ಬಾಟಲಿ ಪೂರ್ತಿ ಬೇಕಾಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಒಂದು ಬಾಟಲಿ. ಅಷ್ಟೇ ವ್ಯತ್ಯಾಸ.

ಸರೋಜಾ ಈಗ ಮನೆಯಲ್ಲಿದ್ದಾಳೆ. ಗಂಜಿಗೆ ಉಪ್ಪು ಕಡಿಮೆ ಎಂದು ದೂರುವಷ್ಟು ಚೇತರಿಸಿಕೊಂಡಿದ್ದಾಳೆ. ಮಂಜುಳಾ ಬಂದು ನೋಡಿಕೊಂಡು ಹೋದಳು. ಇಬ್ಬರೂ ಸೇರಿ ನುಗ್ಗೆಸೊಪ್ಪಿನ ಬಗ್ಗೆ ಒಂದು ಗಂಟೆ ಮಾತಾಡಿದರು. ಡಾಕ್ಟರಿಗೆ, ನರ್ಸುಗಳಿಗೆ, ಮಂಜುಳಾಳ ಸೂಪರ್‌ವೈಸರಿಗೆ, ರಿಂಗ್ ರೋಡಿನಲ್ಲಿ ಒಳದಾರಿ ಹಿಡಿದ ಆ ಆಟೋದವನಿಗೆ, ಎಲ್ಲರಿಗೂ ಕೈಮುಗಿದದ್ದಾಯಿತು. ಲೆಕ್ಕ ಚುಕ್ತಾ ಎಂದುಕೊಂಡಿದ್ದೆ.

ಮೊನ್ನೆ ಭಾನುವಾರ ಬಸವರಾಜ, ಮುನಿರಾಜು ಇಬ್ಬರೂ ಮನೆಗೆ ಬಂದರು. ಬಸವರಾಜ ಲ್ಯಾಪ್‌ಟಾಪ್ ತೆರೆದು ಒಂದು ಸಂಖ್ಯೆ ತೋರಿಸಿದ. ಒಳಗೆ ಜಾಗವಿಲ್ಲದೆ ಬಾಗಿಲಿನಿಂದಲೇ ವಾಪಸಾದ ಬಡಿತಗಳನ್ನು ಕರ್ನಲ್ ಎಣಿಸಿಟ್ಟುಕೊಳ್ಳುತ್ತದಂತೆ. ಸಂಖ್ಯೆ ದೊಡ್ಡದಿತ್ತು. ನನ್ನ ಊಹೆಗಿಂತ ಬಹಳ ದೊಡ್ಡದು.

"ಒಬ್ಬೊಬ್ಬರು ಮೂರ್ನಾಕು ಸಲ ಬಂದಿರ್ತಾರ್ರಿ. ಆದ್ರೂ ಭಾಳ ಮಂದಿ."

"ಯಾರ್ಯಾರು ಅಂತ ಗೊತ್ತಾಗಲ್ವಾ?"

"ಇಲ್ರಿ. ಹೆಸರಿಲ್ಲ, ಊರಿಲ್ಲ. ಒಳಗ ಬಂದಿದ್ರ ಗೊತ್ತಾಗ್ತಿತ್ತು."

ಮುನಿರಾಜು ಆ ಸಂಖ್ಯೆಯನ್ನೇ ನೋಡುತ್ತ ಕೂತರು. "ನಾನು ಕರೆದೋರು ಸಾರ್ ಅವ್ರೆಲ್ಲ," ಎಂದರು. "ಮನೆ ಬಾಗ್ಲಿಗೆ ಕರ್ದು ಅಂಗೇ ಕಳ್ಸ್‌ಬುಟ್ವಿ."

ಸರೋಜಾ ಒಳಗಿನಿಂದ ಕೂಗಿದಳು: "ಪೇಪರಲ್ಲಿ ಬರೀತೀರಲ್ಲ! ವಾರ ವಾರ ಬೇಡದ್ದೇ ಬರೀತೀರ. ಈ ಸಲ ಅವರಿಗೊಂದು ಥ್ಯಾಂಕ್ಸ್ ಹೇಳ್ರೀ."

ಹಾಗಾಗಿ ಈ ಅಂಕಣ.

ಆ ದಿನ ಯಾವುದೋ ಗ್ರೂಪಿನಲ್ಲಿ ಮುನಿರಾಜು ದನಿ ಕೇಳಿ, ಗುರುತಿಲ್ಲದ ಹೆಂಗಸೊಬ್ಬಳಿಗಾಗಿ ಫೋನು ಒತ್ತಿ, "ನಿರಾಕರಿಸಲಾಗಿದೆ" ಎಂದು ಓದಿ, ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದವರು ನೀವಾಗಿದ್ದರೆ, ತಿಳಿದಿರಲಿ: ಬೇಡವೆಂದದ್ದು ನಮ್ಮ ಮಷೀನಿನ ಒಂದು ಸೆಟ್ಟಿಂಗು, ಅದನ್ನು ತಿದ್ದಿದ್ದೇವೆ. ನಿಮ್ಮ ರಕ್ತದ ಗುಂಪು ಯಾವುದೇ ಇರಲಿ, ಪಪ್ಪಾಯಿ ಎಲೆಯ ಪಕ್ಷದವರೇ ಆಗಿರಿ, ನಾನು ನಿಮಗೆ ಋಣಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಒಳಗೆ ಬರಲಾಗದೆ ಹಿಂದಿರುಗಿದವರೂ ನಮ್ಮ ಮನೆಗೆ ಬಂದವರೇ ಅಲ್ಲವೇ?